ಮಳೆಗೆ ನಿಂತ ಭಾವ

ಹೋದ ವಾರ ಒಂದು ದಿನ ಕಾಲೇಜಿಗೆ ಬಂದಾಗ ಸ್ಟಾಫ್ ರೂಮಿನ ತುಂಬ ನೆಂದ ಚರ್ಮದ ವಾಸನೆ ಅಡರಿತ್ತು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಬೈಕಿನಲ್ಲೇ ಓಡಾಡುವ ಹೊಸ ಮೇಷ್ಟ್ರೊಬ್ಬರು ಮಳೆಯಲ್ಲಿ ತೊಯ್ದ ಗ್ಲೌಸನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಕ್ಲಾಸಿಗೆ ಹೋಗಿದ್ದರು. ಬೆರಳ ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಟೆಂಡರ್ ಮೂಗು ಮುಚ್ಚಿಕೊಂಡು, "ಥೂ, ನೆಂದ ಮೇಕೆ ವಾಸ್ನೆ" ಎಂದು ಫ್ಯಾನು ಜೋರು ಮಾಡಿದಳು. ನಾನು ಚೀಲ ಇಳಿಸುವುದನ್ನೂ ಮರೆತು ನಿಂತೆ. ಆ ವಾಸನೆಯ ಹಿಂದೆಯೇ ಭಾವ ನೆನಪಿಗೆ ಬಂದುಬಿಟ್ಟಿದ್ದರು... ಹೆಲ್ಮೆಟ್ ತೆಗೆಯದೆ, ಮುಂದಿನ ಗಾಜನ್ನು ಮಾತ್ರ ಮೇಲೆತ್ತಿ, ನಾನು ಏನು ಹೇಳುತ್ತೇನೋ ಎಂದು ನನ್ನನ್ನೇ ನೋಡುತ್ತಾ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಳೆನರಸೀಪುರದಲ್ಲಿ ಅವರದು ಟೈರ್ ಅಂಗಡಿ. ಟ್ರ್ಯಾಕ್ಟರು, ಲಾರಿಗಳ ಟೈರು ಮಾರುವುದು, ಪಂಕ್ಚರ್ ಹಾಕಿಸುವುದು ಹೊಟ್ಟೆಪಾಡು. ಜೀವ ಇದ್ದದ್ದು ಬೈಕ್ ರೇಸಿನಲ್ಲಿ. ಮದುವೆಗೆ ಮುಂಚಿನಿಂದಲೂ ಹಾಸನದ ಸುತ್ತಮುತ್ತ ಎಲ್ಲಿ ಮಣ್ಣಿನ ರೇಸ್ ನಡೆದರೂ ಹೋಗುತ್ತಿದ್ದರು. ಆಮೇಲೆ ಮದ್ರಾಸಿನ ಕಡೆಯ ಟ್ರ್ಯಾಕಿಗೂ ಹೋಗಿ ಓಡಿಸಿ ಬರತೊಡಗಿದರು. ಗೆದ್ದದ್ದು ಕಡಿಮೆ. ಆದರೆ ಸೋಮವಾರ ಅಂಗಡಿ ಬಾಗಿಲು ತೆಗೆಯುವಾಗ ಅವರ ಮುಖ ನೋಡಬೇಕಿತ್ತು, ಹಬ್ಬದ ಎಣ್ಣೆನೀರು ಹಾಕಿಕೊಂಡು ಬಂದವರ ಹಾಗೆ.

ನನಗೆ ಅಣ್ಣ ತಮ್ಮಂದಿರಿಲ್ಲ. ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಹಾಸನದಿಂದ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ಅಂಗಡಿಯನ್ನು ಹುಡುಗರಿಗೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬೈಕು ತರುತ್ತಿದ್ದರು. ಅರಕಲಗೂಡಿನ ನಮ್ಮ ತವರಿಗೆ ಬಂದರೆ ಅಮ್ಮನ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತು ರೇಸಿನ ಕಥೆ ಹೇಳುತ್ತಿದ್ದರು. ಅಮ್ಮ ರೊಟ್ಟಿ ತಟ್ಟುತ್ತಾ, "ಬಿದ್ರೆ ಗತಿಯೇನಪ್ಪ?" ಎನ್ನುವಳು. "ಬಿದ್ರೆ ಎದ್ದೇಳದು ಕಣತ್ತೆ" ಎಂದು ನಗುವರು.

ಮಲೇಷ್ಯಾದಲ್ಲಿ ಹವ್ಯಾಸಿಗಳಿಗೆಂದೇ ಒಂದು ರೇಸ್ ನಡೆಯುತ್ತದೆ, ಬೈಕನ್ನು ಅವರೇ ಬಾಡಿಗೆಗೆ ಕೊಡುತ್ತಾರೆ, ನಾವು ನಮ್ಮ ಸೂಟು ಹೆಲ್ಮೆಟ್ಟು ಒಯ್ದರೆ ಸಾಕು ಎಂದು ಯಾರೋ ಅವರ ತಲೆಗೆ ಹಾಕಿದರು. ಆಗ ಅವರಿಗೆ ನಲವತ್ತರ ಹತ್ತಿರ. ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಹೊರಟೇಬಿಟ್ಟರು. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಅಕ್ಕನೂ ಹೊರಟಳು. ಅವರಿಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದೇ ಇಂಗ್ಲಿಷು. "ನೀನ್ ಬರ್ಲಿಲ್ಲ ಅಂದ್ರೆ ನಾವಲ್ಲಿ ಮೂಗ್ರಂಗೆ ನಿಂತ್ಕಬೇಕಾಯ್ತದೆ" ಎಂದು ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಊರಿನವರು ಅಂಗಡಿಯ ಮುಂದೆ ಫ್ಲೆಕ್ಸ್ ಕಟ್ಟಿ ಕಳಿಸಿಕೊಟ್ಟರು.

ಹೋದ ದಿನದಿಂದಲೂ ಅಲ್ಲಿ ಮಳೆ. ನಮ್ಮ ಕಡೆಯ ಹಾಗೆ ಹದವಾಗಿ ಸುರಿಯುವ ಮಳೆಯಾಗಿರಲಿಲ್ಲ, ಮೇಲಿಂದ ಯಾರೋ ಕೊಡ ಬಗ್ಗಿಸಿದಂತೆ ಒಂದೇ ಸಲಕ್ಕೆ ಬೀಳುತ್ತಿತ್ತು. ಶುಕ್ರವಾರ ಅಭ್ಯಾಸದ ಓಟ. ಭಾವ ಚೆನ್ನಾಗಿಯೇ ಓಡಿಸಿದರು. ಸಾಯಂಕಾಲ ಎಲ್ಲರೂ ಹೊರಟ ಮೇಲೆ, ಗೆದ್ದವರು ನಿಲ್ಲುವ ಕಟ್ಟೆ ಖಾಲಿ ಇತ್ತು. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ ಎಂದು ಅಕ್ಕ ಹಟ ಹಿಡಿದಳು. ಬೇಡ ಬೇಡ ಎಂದು ಭಾವ ಹಿಂದೆ ಸರಿದರು. ಕೊನೆಗೆ ನಾಚಿಕೊಂಡು, ಮೊದಲನೆಯದನ್ನೂ ಎರಡನೆಯದನ್ನೂ ಬಿಟ್ಟು ಮೂರನೆಯ ಮೆಟ್ಟಿಲ ಮೇಲೆ ನಿಂತು ಕೈಮುಗಿದರು. ಸೂಟಿನಿಂದ ನೀರು ಇಳಿಯುತ್ತಿತ್ತು. ಅಕ್ಕ ಆ ಫೋಟೋವನ್ನು ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಂದು ಅಕ್ಷರವನ್ನೂ ಬರೆಯಲಿಲ್ಲ. ಗಂಡನನ್ನು ನಾಲ್ಕು ಜನ ನೋಡಲಿ ಎಂಬ ಆಸೆ, ಅಷ್ಟೇ.

ಶನಿವಾರ ಮಧ್ಯಾಹ್ನ ಮೊದಲ ರೇಸ್. ಅಕ್ಕ ಎದುರಿನ ಗ್ಯಾಲರಿಯಲ್ಲಿ ಸೂರಿನ ಕೆಳಗೆ ಕೂತಿದ್ದಳು. ಮಾತು ತಿಳಿಸಲು ಬೇಕಾಗುತ್ತದೆಂದು ನನ್ನನ್ನು ಮಾತ್ರ ಬೈಕ್ ರಿಪೇರಿ ಮಾಡುವ ಶೆಡ್ಡಿನೊಳಗೆ ಬಿಟ್ಟುಕೊಂಡಿದ್ದರು. ಮಳೆಗೆಂದೇ ಇರುವ ಟೈರು ಹಾಕಿದ್ದರು. ಬೈಕುಗಳು ಹೊರಟಾಗ ಹಿಂದಿನವರಿಗೆ ಮುಂದಿನವರು ಕಾಣದಷ್ಟು ನೀರು ಎದ್ದಿತು. ಆ ಬಿಳಿ ಹೊಗೆಯಂಥದರ ಒಳಗಿಂದ ಭಾವನ ಹಸಿರು ಹೆಲ್ಮೆಟ್ ಒಮ್ಮೆ ಹಾದುಹೋಯಿತು, ಇನ್ನೊಮ್ಮೆ ಹಾದುಹೋಯಿತು. ಅದರ ಮುಂದಿನ ಸುತ್ತಿನಲ್ಲಿ, ನಮ್ಮ ಕಣ್ಣೆದುರಿನ ತಿರುವಿನಲ್ಲೇ, ಅವರ ಮುಂದೆ ಹೋಗುತ್ತಿದ್ದವನು ಜಾರಿ ಬಿದ್ದ. ಬೈಕು ಬುಗುರಿಯ ಹಾಗೆ ತಿರುಗುತ್ತಾ ರಸ್ತೆಗೆ ಅಡ್ಡಲಾಗಿ ಬಂತು. ಭಾವ ಅದನ್ನು ಹೇಗೆ ತಪ್ಪಿಸಿದರೋ ದೇವರಿಗೇ ಗೊತ್ತು. ಬಿದ್ದವನು ಎದ್ದು ಕುಂಟುತ್ತಾ ಹುಲ್ಲಿನ ಮೇಲೆ ಹೋಗಿ ಕೂತ.

ಮುಂದಿನ ಸುತ್ತಿಗೆ ಭಾವ ಟ್ರ್ಯಾಕ್ ಬಿಟ್ಟು ಶೆಡ್ಡಿನೊಳಕ್ಕೆ ಬಂದರು.

ಮೆಕ್ಯಾನಿಕ್ ಓಡಿ ಬಂದು ಬೈಕು ಹಿಡಿದುಕೊಂಡ. ಇಂಜಿನ್ ಏರಿಸಿ ಇಳಿಸಿ ಕೇಳಿದ, ಬ್ರೇಕ್ ಅದುಮಿದ, ಬಗ್ಗಿ ನೋಡಿದ. ಏನೂ ಆಗಿಲ್ಲ, ಇನ್ನೂ ಸುತ್ತುಗಳಿವೆ, ಬೇಗ ಹೊರಡಲು ಹೇಳಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ.

"ಏನಂತೆ?" ಎಂದರು ಭಾವ.

"ಗಾಡಿ ಚೆನ್ನಾಗೇ ಇದ್ಯಂತೆ ಭಾವ. ಹೋಗ್ಬಹುದಂತೆ."

ಅವರು ಹೊರಗಿನ ಮಳೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ಇಂಜಿನ್ ಸೌಂಡು ಸರಿಯಿಲ್ಲ ಅನ್ನು ಅಮ್ಮಣ್ಣಿ. ಆಗಕಿಲ್ಲ ಅನ್ನು."

ನಾನು ಹಾಗೆಯೇ ಹೇಳಿದೆ. ಮೆಕ್ಯಾನಿಕ್ ಅವರ ಕಡೆ ನೋಡದೆ ನನ್ನ ಕಡೆ ನೋಡಿ ಸ್ವಲ್ಪ ನಕ್ಕ. ಕೆಟ್ಟ ನಗುವಲ್ಲ, ದಿನಾ ಇಂಥವರನ್ನು ನೋಡುವವನ ನಗು. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಬಟ್ಟೆಯಿಂದ ಸೀಟು ಒರೆಸಿದ. ನನಗೆ ಕಿವಿಯವರೆಗೂ ಬಿಸಿಯಾಯಿತು. ಹೆದರಿದ್ದು ನಾನೇ ಎನ್ನುವಷ್ಟು ನಾಚಿಕೆ. ಭಾವ ಗೋಡೆಗೆ ಮುಖ ಮಾಡಿ ಗ್ಲೌಸು ಬಿಚ್ಚುತ್ತಿದ್ದರು. ನೆಂದ ಚರ್ಮ ಬೆರಳಿಗೆ ಅಂಟಿಕೊಂಡು ಬರುತ್ತಲೇ ಇರಲಿಲ್ಲ...

ಅಕ್ಕನಿಗೆ ಇಂಜಿನ್ ಕೆಟ್ಟಿತು ಎಂದಷ್ಟೇ ಹೇಳಿದೆವು. ಭಾನುವಾರದ ಎರಡನೇ ರೇಸಿಗೂ ಅದೇ ಮಳೆ. ಭಾವ ಸೂಟನ್ನೇ ಹಾಕಲಿಲ್ಲ. ಮೂವರೂ ಗ್ಯಾಲರಿಯಲ್ಲಿ ಕೂತು ಬೇರೆಯವರ ಓಟ ನೋಡಿದೆವು. ಅಕ್ಕನಿಗೆ ಸಂಕಟ. "ಇಷ್ಟ್ ದೂರ ಬಂದಿದ್ದೀವಿ, ಬೇರೆ ಗಾಡಿ ಕೊಡಿ ಅಂತ ನೀನ್ ಗಟ್ಟಿಯಾಗಿ ಕೇಳ್ಬಾರ್ದಾ? ಇಷ್ಟ್ ಓದಿ ಏನ್ ಬಂತು?" ಎಂದು ನನ್ನ ಮೇಲೆ ಹರಿಹಾಯ್ದಳು. ನನ್ನ ಇಂಗ್ಲಿಷು ಸಾಲದೇ ಹೋಯಿತೆಂದು ಅವಳು ನಿಜವಾಗಿಯೂ ನಂಬಿದ್ದಳು. ನಾನು ಭಾವನತ್ತ ನೋಡಿದೆ. ಅವರು ಟ್ರ್ಯಾಕಿನಿಂದ ಕಣ್ಣು ಕೀಳಲಿಲ್ಲ. ಹಿಂದಿನ ದಿನ ಬಿದ್ದು ಕುಂಟಿಕೊಂಡು ಹೋಗಿದ್ದವನು ಅಂದು ಮತ್ತೆ ಓಡಿಸುತ್ತಿದ್ದ.

ಶನಿವಾರದಿಂದ ಫೋನು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಬೆಂಗಳೂರಿನಲ್ಲಿ ವಿಮಾನ ಇಳಿದು ಫೋನು ಆನ್ ಮಾಡಿದಾಗ ಗೊತ್ತಾಯಿತು, ಆ ಫೋಟೋ ಗುಂಪಿನಿಂದ ಗುಂಪಿಗೆ ಹಾರಿ ಊರೆಲ್ಲ ಸುತ್ತಿದೆ ಎಂದು. ಅಭಿನಂದನೆಗಳು ಬರುತ್ತಲೇ ಇದ್ದವು. ಮೂರನೇ ಸ್ಥಾನವಂತೆ, ವಿದೇಶದಲ್ಲಂತೆ. "ಅಯ್ಯೋ, ನಾನ್ ಬರೀ ಫೋಟೋ ಹಾಕಿದ್ದು ಕಣ್ರೀ" ಎಂದಳು ಅಕ್ಕ, ಬಾಯಿಗೆ ಸೆರಗು ಒತ್ತಿಕೊಂಡು. ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಓಗ್ಲಿ ಬಿಡು. ಊರಿಗೋಗಿ ಯೋಳ್ತೀನಿ" ಎಂದರು.

ಊರೇ ಎದುರಿಗೆ ಬಂತು. ಹಿರೀಸಾವೆಯ ಹೋಟೆಲೊಂದರ ಮುಂದೆ ಕಾರು ನಿಲ್ಲಿಸಿದೆವು. ಅಲ್ಲಿ ಅವರ ಗೆಳೆಯರು ಬೈಕುಗಳಲ್ಲಿ ಬಂದು ಕಾಯುತ್ತಿದ್ದರು. ಇಳಿಯುವ ಮೊದಲೇ ಹಾರ. ಭಾವ ಏನೋ ಹೇಳಲು ಬಾಯಿ ತೆರೆದರೆ ಇನ್ನೊಂದು ಹಾರ. ಅಲ್ಲಿಂದ ಮುಂದೆ, ಚನ್ನರಾಯಪಟ್ಟಣ ದಾಟಿ ಹೊಳೆನರಸೀಪುರದವರೆಗೂ ನಮ್ಮ ಕಾರಿನ ಹಿಂದೆ ಮುಂದೆ ಹಾರನ್ ಸದ್ದು. ಊರ ಬಾಗಿಲಲ್ಲಿ ತೆರೆದ ಜೀಪು, ತಮಟೆ. ಅವರನ್ನು ಜೀಪಿಗೆ ಹತ್ತಿಸಿದರು. ಕೈಮುಗಿದು ನಿಂತಿದ್ದರು, ತಲೆ ಎತ್ತಲಿಲ್ಲ. ನೋಡಿದವರಿಗೆ ವಿನಯ ಎನಿಸಿರಬೇಕು.

ಟೈರ್ ಅಂಗಡಿಯ ಮುಂದೆ ಎರಡು ಬೆಂಚು ಜೋಡಿಸಿ ವೇದಿಕೆ ಮಾಡಿದ್ದರು. ಊರಿನ ಹಿರಿಯರೊಬ್ಬರು ಹೊಗಳಿ ಶಾಲು ಹೊದಿಸಿ ಮೈಕು ಕೊಟ್ಟರು. ಭಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನೇನೂ ಗೆದ್ದಿಲ್ಲ ಕಣ್ರಪ್ಪ" ಎಂದರು. "ಮಳೆಗೆ ಎದ್ರಕಂಡು ನಿಂತ್ಬುಟ್ಟೆ."

ಗುಂಪಿನಿಂದ ಯಾರೋ ಕೂಗಿದರು, "ನೋಡ್ರಲಾ, ದೊಡ್ ಮನ್ಸ ಅಂದ್ರೆ ಇಂಗಿರ್ಬೇಕು ಕಣ್ರಲಾ!"

ನಗು, ಚಪ್ಪಾಳೆ, ಶಿಳ್ಳೆ. "ಇಲ್ಲ ಕಣ್ರಪ್ಪ, ದಿಟವಾಗ್ಲೂ..." ಎಂದು ಭಾವ ಮತ್ತೆ ಶುರು ಮಾಡಿದರು. ತಮಟೆಯವರು ಶುರು ಹಚ್ಚಿಕೊಂಡಿದ್ದರು. ಯಾರೋ ಮೈಕು ಈಸಿಕೊಂಡು ಜೈಕಾರ ಹಾಕಿದರು. ಅಷ್ಟು ಜನರಲ್ಲಿ ಆ ಮಾತನ್ನು ನಂಬಿದವಳು ಅಕ್ಕ ಒಬ್ಬಳೇ. ಕೈಯಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದವಳು ಗಂಡನನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು. ಅವತ್ತು ಊಟಕ್ಕೆ ಕೂರು ಎಂದೂ ಅವಳು ನನಗೆ ಹೇಳಲಿಲ್ಲ. ಬಸ್ಸು ಹತ್ತಿ ಹಾಸನಕ್ಕೆ ಬಂದುಬಿಟ್ಟೆ.

ಸ್ವಲ್ಪ ದಿನದಲ್ಲೇ ಯಾರೋ ಆ ರೇಸಿನ ಫಲಿತಾಂಶವನ್ನು ಇಂಟರ್‌ನೆಟ್ಟಿನಲ್ಲಿ ತೆಗೆದು ನೋಡಿದರು. ಹೊಗಳಿದ ಬಾಯಿಗಳೇ ಹಾರ ಹಾಕಿಸಿಕೊಂಡು ಮೋಸ ಮಾಡಿದ ಎಂದವು. ಮೈಕಿನಲ್ಲಿ ಎಲ್ಲರ ಮುಂದೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಮೋಡ ಕವಿದರೆ ಸಾಕು, ಅಂಗಡಿಯ ಎದುರಿನ ಟೀ ಗೂಡಿನಿಂದ ಒಂದು ದನಿ ಬರುತ್ತಿತ್ತು: "ಅಣ್ಣೋ, ಮಳೆ ಬರಂಗೈತೆ, ಒಳಿಕ್ ಓಗ್ಬುಡಣ್ಣೋ!" ಭಾವ ಟ್ಯೂಬಿಗೆ ಗಾಳಿ ಹಿಡಿಯುತ್ತಾ ಕೇಳಿಸಲಿಲ್ಲವೆಂಬಂತೆ ಇರುತ್ತಿದ್ದರು. ರೇಸಿನ ಬೈಕು ಮಾರಿದರು. ಮದ್ರಾಸಿಗೆ ಹೋಗುವುದು ನಿಂತಿತು. ನಾನು ಊರಿಗೆ ಹೋದರೆ ಬಸ್‌ಸ್ಟ್ಯಾಂಡಿಗೆ ಅಂಗಡಿಯ ಹುಡುಗನನ್ನು ಕಳಿಸತೊಡಗಿದರು. ಮನೆಯಲ್ಲಿ ಎದುರಾದರೆ, "ಚೆನ್ನಾಗಿದ್ದೀಯೇನಮ್ಮ" ಎಂದು ಕೇಳಿ ಹೊರಗೆ ಹೋಗುತ್ತಿದ್ದರು. ಅಮ್ಮಣ್ಣಿ ಎನ್ನುವುದನ್ನೇ ಬಿಟ್ಟರು. ಅವರ ಮಳೆ, ಅವರ ಸುಳ್ಳು, ಆ ಮೆಕ್ಯಾನಿಕ್ಕಿನ ನಗು ಎಲ್ಲವೂ ನನ್ನ ಮುಖದಲ್ಲೇ ಕಾಣುತ್ತಿತ್ತೋ ಏನೋ...

ಆ ದಿನದ ಬಗ್ಗೆ ಒಮ್ಮೆ ಮಾತ್ರ ಮಾತಾಡಿದರು. ನನ್ನ ಮದುವೆಯ ಮಾತುಕತೆಗೆಂದು ಅರಕಲಗೂಡಿನಿಂದ ಕೊಣನೂರಿಗೆ ಹೋಗಬೇಕಿತ್ತು. ಅಮ್ಮ, ಅಕ್ಕ ಎಲ್ಲ ಮುಂದಿನ ಕಾರಿನಲ್ಲಿ ಹೋದರು. ನನಗೆ ಕಾಲೇಜು ಮುಗಿಸಿ ಬರುವುದು ತಡವಾಗಿ, ಭಾವನ ಜೊತೆ ಹಿಂದಿನ ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಮಳೆ ಹಿಡಿಯಿತು. ಅಂಥ ದೊಡ್ಡ ಮಳೆಯೇನಲ್ಲ. ಹೊಗೆಸೊಪ್ಪು ತುಂಬಿದ ಟೆಂಪೋಗಳು ರಾಮನಾಥಪುರದ ಕಡೆಗೆ ಹೋಗುತ್ತಲೇ ಇದ್ದವು. ಭಾವ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಬಹಳ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು.

"ಅವತ್ತು ನನ್ ನೋಡಿ ನಾಚ್ಕೆ ಆಯ್ತಾ ಅಮ್ಮಣ್ಣಿ?"

"ಇಲ್ಲ ಭಾವ."

"ಸುಳ್ ಯೋಳ್ಬ್ಯಾಡ. ನಂಗೋಸ್ಕರ ಒಂದ್ ಸುಳ್ಳು ಯೋಳಿದ್ದೀಯಲ್ಲ, ಸಾಕು."

ಅವರೇ ಮುಂದುವರಿಸಿದರು. ಆ ಬೈಕು ತಿರುಗುತ್ತಾ ಬಂದಾಗ ಹೆದರಿಕೆಯಾಗಲಿಲ್ಲವಂತೆ. ತಪ್ಪಿಸಿಕೊಂಡ ಮೇಲೆ ಬಲಗೈ ನಡುಗತೊಡಗಿತಂತೆ. ಆಕ್ಸಲರೇಟರ್ ತಿರುಗಿಸಲು ಹೋದರೆ ಕೈ ಮಾತು ಕೇಳಲಿಲ್ಲವಂತೆ. "ಮಗಳ್ ಮುಖ ಕಣ್ಮುಂದೆ ಬಂತು ಅಂತ ಯೋಳ್ಬೋದು. ಅದೂ ಸುಳ್ಳೇ. ಯಾರ್ ಮುಖಾನೂ ಬರ್ಲಿಲ್ಲ. ಎದ್ರುದೆ, ಅಷ್ಟೇ ಕಣಮ್ಮಣ್ಣಿ." ಆಮೇಲೆ ಮುಂದಿನ ಗಾಜಿಗೆ ಒಳಗಿನಿಂದ ಕಟ್ಟಿದ್ದ ಹಬೆ ಒರೆಸಿ ಕಾರು ಹೊರಡಿಸಿದರು.

ನನ್ನ ಮದುವೆಯಲ್ಲಿ ಅಣ್ಣನ ಸ್ಥಾನದಲ್ಲಿ ನಿಂತು ಎಲ್ಲ ನಡೆಸಿಕೊಟ್ಟರು. ವರ್ಷಗಳು ಉರುಳಿದವು. ತಮಾಷೆ ಮಾಡುತ್ತಿದ್ದವರೂ ಮರೆತರು. ಹೋದ ವರ್ಷ ಅಂಗಡಿಯಲ್ಲಿ ಕೂತಿದ್ದವರು ತಲೆ ಹಿಡಿದುಕೊಂಡು ಬಿದ್ದರಂತೆ, ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಹಾಸನಕ್ಕೆ ತಂದರು. ನಾನು ಆಸ್ಪತ್ರೆಗೆ ಓಡಿಹೋಗುವ ಹೊತ್ತಿಗೆ ಮುಗಿದಿತ್ತು.

ಗ್ಲೌಸಿನ ವಾಸನೆ ಬಂದ ಆ ವಾರದ ಶನಿವಾರ ಅಕ್ಕನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ನಾನೂ ಮೊರದ ಇನ್ನೊಂದು ಬದಿಗೆ ಕೂತೆ. ಕಾಳಿನಲ್ಲಿ ಬೆರಳಾಡಿಸುತ್ತಾ, ತಲೆ ಎತ್ತದೆ ಕೇಳಿದಳು, "ಅವತ್ತು ಅಲ್ಲಿ ಏನಾಯ್ತೇ? ಅವ್ರಂತೂ ನಂಗ್ ಯೋಳ್ಲೇ ಇಲ್ಲ. ನಾನೂ ಕೇಳ್ಲಿಲ್ಲ."

ಎಲ್ಲವನ್ನೂ ಹೇಳಿದೆ. ಬಿದ್ದವನು, ಮೆಕ್ಯಾನಿಕ್ಕು, ನಾನು ಆಡಿದ ಮಾತು, ಕೊಣನೂರು ದಾರಿಯಲ್ಲಿ ಅವರು ಆಡಿದ ಮಾತು. ಅಕ್ಕ ಕೈ ನಿಲ್ಲಿಸಿ ಕೇಳಿದಳು.

"ಎದ್ರಕಂಡು ನಿಂತಿದ್ಕೆ ತಾನೆ ನಂಗ್ ಇಷ್ಟ್ ವರ್ಷ ಸಿಕ್ಕಿದ್ರು" ಎಂದಳು. "ಅದಕ್ಯಾಕೆ ಅಷ್ಟೊಂದು ನಾಚ್ಕೊಂಡ್ರೋ ಪುಣ್ಯಾತ್ಮ. ಒಂದ್ ಮಾತ್ ನಂಗಂದಿದ್ರೆ..."

ಒಂದು ಮಾತು ಅವರೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ, ನಡುವೆ ಇದ್ದ ನಾನೂ ಅತ್ತಿಂದಿತ್ತ ದಾಟಿಸಲಿಲ್ಲ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದದ್ದೇ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಲಿಕ್ಕೆ. ಅಕ್ಕ ಮೂಗು ಒರೆಸಿಕೊಂಡು ಮತ್ತೆ ಕಾಳಿನ ಮೇಲೆ ಬಗ್ಗಿದಳು. ನನ್ನ ಕಣ್ಣಿಗೆ ಕಲ್ಲೂ ಕಾಳೂ ಒಂದೇ ಆಗಿ ಕಾಣುತ್ತಿದ್ದವು.