ತಿರುಗಿಸಬಾರದ ಮೊಟ್ಟೆ

ಮೊನ್ನೆ ಬಿ.ಸಿ. ರೋಡಿನ ನರ್ಸರಿಯೊಂದರಲ್ಲಿ ಕರಿಮೆಣಸಿನ ಸಸಿ ಆರಿಸುತ್ತಿದ್ದಾಗ ಒದ್ದೆ ತೆಂಗಿನ ನಾರಿನ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ನನಗೆ ಸಿಟ್ಟು ಬಂತು. ಸಸಿ ಮಾರುವವನ ಮೇಲಲ್ಲ, ಮಡಂತ್ಯಾರಿನಲ್ಲಿರುವ ನನ್ನ ಭಾವನ ಮೇಲೆ, ಅಕ್ಕನ ಗಂಡನ ಮೇಲೆ. ಆರು ವರ್ಷ ಹಳೆಯ ಸಿಟ್ಟು. ಉಪ್ಪಿನಕಾಯಿಯಾದರೂ ಇಷ್ಟು ದಿನಕ್ಕೆ ಮೆತ್ತಗಾಗುತ್ತಿತ್ತು.

ಕಾರಣ ಹೇಳಿದರೆ ನೀವೂ ನಗುತ್ತೀರಿ. ಎಲ್ಲರೂ ನಕ್ಕಿದ್ದಾರೆ. ಆಗ ನಾನು ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡು ಮೂಡುಬಿದಿರೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಒಬ್ಬನೇ ಎಂದರೆ ತಪ್ಪು, ಸುಬ್ಬಿ ಇದ್ದಳು. ಮೈತುಂಬ ಚಿರತೆಯ ಚುಕ್ಕಿಗಳಿರುವ ಸಾಕು ಹಲ್ಲಿ, ಲೆಪರ್ಡ್ ಗೆಕ್ಕೊ. ಗೋಡೆ ಹತ್ತಲು ಬಾರದ ಸೋಮಾರಿ. ಸಂಜೆ ನಾನು ಬಾಗಿಲು ತೆರೆದರೆ ಗಾಜಿನ ಪೆಟ್ಟಿಗೆಯೊಳಗಿಂದ ಕತ್ತೆತ್ತಿ ನೋಡುತ್ತಿದ್ದಳು. ಮಿಡತೆಯ ಆಸೆಗೆ ನೋಡುತ್ತಿದ್ದಳೆಂದು ನನಗೂ ಗೊತ್ತಿತ್ತು. ಆದರೂ ಮನೆಗೆ ಬಂದಾಗ ಯಾರಾದರೂ ಕತ್ತೆತ್ತಿ ನೋಡುವುದು ಸಣ್ಣ ಸಂಗತಿಯಲ್ಲ.

ಸಹೋದ್ಯೋಗಿಯೊಬ್ಬರ ಗಂಡು ಹಲ್ಲಿಯ ಜೊತೆ ಬಿಟ್ಟ ಮೇಲೆ ಅವಳು ಎರಡು ಮೊಟ್ಟೆ ಇಟ್ಟಳು. ಒಂಬತ್ತನೆಯ ದಿನ ಸತ್ತುಹೋದಳು. ಉಳಿದದ್ದು ಆ ಎರಡು ಮೊಟ್ಟೆ ಮಾತ್ರ.

ಅವನ್ನು ಡಬ್ಬಿಯೊಳಗೆ ನಾರಿನ ಪುಡಿಯಲ್ಲಿ ಅರ್ಧ ಹೂತು, ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಸಣ್ಣ ಬಲ್ಬು ಉರಿಸಿದ್ದೆ. ಪ್ರತಿ ಮೊಟ್ಟೆಯ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಕೋಳಿಮೊಟ್ಟೆಯನ್ನು ದಿನವೂ ತಿರುಗಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಹಲ್ಲಿಮೊಟ್ಟೆಯದು ತದ್ವಿರುದ್ಧ. ಮರಿ ಮೇಲ್ಭಾಗಕ್ಕೆ ಅಂಟಿಕೊಂಡೇ ಬೆಳೆಯುತ್ತದೆ, ತಿರುಗಿಸಿದರೆ ಸಾಯುತ್ತದೆ. ಚುಕ್ಕೆ ಸದಾ ಮೇಲಿರಬೇಕು. ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳು ಕಾಣುತ್ತಿದ್ದವು. ದಿನಕ್ಕೊಮ್ಮೆ ನೋಡಿದರೆ ಸಾಕಿತ್ತು, ನಾನು ನಾಲ್ಕು ಸಲ ನೋಡುತ್ತಿದ್ದೆ.

ಇಪ್ಪತ್ತನೆಯ ದಿನಕ್ಕೆ ಸರಿಯಾಗಿ ಮಂಗಳೂರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು, ನಾಲ್ಕು ದಿನ. ಕರೆಂಟು ಹೋದರೆ ಬಿಸಿನೀರಿನ ಬಾಟಲಿ ಇಡಲು ಮನೆಯಲ್ಲಿ ಒಬ್ಬರು ಬೇಕಿತ್ತು. ಫೋನು ಮಾಡಿ ಭಾವನನ್ನು ಕರೆದೆ. ಕೋಳಿ ಅಂಕದ ಕಾಳಗಕ್ಕೆ ಬಿಡುವ ಹುಂಜಗಳನ್ನು ಬಲ್ಬಿನ ಪೆಟ್ಟಿಗೆಯಲ್ಲೇ ಮರಿಮಾಡಿಸುವ ಮನುಷ್ಯ. ಇವರಿಗಿಂತ ತಿಳಿದವರು ಯಾರು ಎಂದುಕೊಂಡೆ.

ವಾಪಸು ಬಂದಾಗ ಭಾವ ಹೆಮ್ಮೆಯಿಂದ ಬಾಗಿಲಲ್ಲೇ ನಿಂತಿದ್ದರು.

"ದಿನಕ್ಕೆ ಮೂರು ಸಲ ತಿರುಗಿಸಿದ್ದೇನೆ ಮಾರಾಯ. ಮೊಬೈಲಲ್ಲಿ ಅಲಾರಂ ಇಟ್ಟು. ಒಂದು ಸಲವೂ ತಪ್ಪಿಸ್ಲಿಲ್ಲ."

ಪೆಟ್ಟಿಗೆ ತೆರೆದೆ. ಚುಕ್ಕೆಗಳು ಕಾಣಲಿಲ್ಲ. ಟಾರ್ಚ್ ಹಿಡಿದೆ. ನರಗಳೂ ಇಲ್ಲ, ಬರೀ ಹಳದಿ.

ನಾನು ಅವತ್ತು ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. "ಕೋಳಿ ಬಿಟ್ರೆ ಬೇರೆ ಎಂಥ ಗೊತ್ತುಂಟು ನಿಮಗೆ? ಕೇಳಬಾರದಿತ್ತಾ ಒಂದು ಮಾತು?" ಎಂಬುದು ಅದರಲ್ಲಿ ಅತ್ಯಂತ ಮೆತ್ತಗಿನದು. ಭಾವ ಚೀಲಕ್ಕೆ ಲುಂಗಿ, ಮೈ ಒರೆಸುವ ಬೈರಾಸು ತುಂಬಿಕೊಂಡು ಬಸ್ಸಿಗೆ ನಡೆದರು.

ಆಮೇಲೆ ಮದುವೆ, ದೈವದ ತಂಬಿಲ ಪೂಜೆ ಯಾವುದೇ ಇರಲಿ, ಅವರು ಕೂತ ಪಂಕ್ತಿಯಲ್ಲಿ ನಾನು ಕೂರಲಿಲ್ಲ. ನೆಂಟರು, "ಹಲ್ಲಿಯ ಸೂತಕ ಇನ್ನೂ ಮುಗಿಲಿಲ್ವಾ?" ಎಂದು ಕೇಳಿ ನಕ್ಕರು. ಅದಕ್ಕೂ ಸಿಟ್ಟು ಬಂತು. ನಾಯಿ ಸತ್ತರೆ ಸಮಾಧಾನ ಹೇಳುವ ಜನ, ಹಲ್ಲಿ ಎಂದ ಕೂಡಲೇ ನಗುವುದೇಕೆ? ಕಳೆದುಕೊಂಡವನಿಗಲ್ಲವೇ ಅದರ ಅಳತೆ ಗೊತ್ತಿರುವುದು?

ಮೊನ್ನೆ ನರ್ಸರಿಯಿಂದ ಸಸಿ ಕೊಡಲು ಅಕ್ಕನ ಮನೆಗೆ ಹೋದವನು ಚಾ ಕುಡಿಯುತ್ತ ಅದೇ ರಾಗ ತೆಗೆದೆ. ಅಕ್ಕ ಲೋಟ ಕುಕ್ಕಿದಳು.

"ಸಾಕು. ಅವತ್ತು ಫೋನಲ್ಲಿ ನೀನೇ ಹೇಳಿದ್ದು. 'ನಿಮಗೆ ನಾನು ಎಂಥ ಹೇಳಿಕೊಡುವುದು ಭಾವ, ನಿಮ್ಮ ಕೋಳಿಮೊಟ್ಟೆ ನೋಡಿದ ಹಾಗೇ ನೋಡಿ ಸಾಕು' ಅಂತ. ನಾನು ಪಕ್ಕದಲ್ಲೇ ಇದ್ದೆ. ಇವರು ನಿನಗೆ ಹೇಳ್ಬೇಡ ಅಂದದ್ದಕ್ಕೆ ಬಾಯಿ ಮುಚ್ಚಿಕೊಂಡದ್ದು."

ಹೇಳಿದ್ದೆ. ಕೇಳುತ್ತಲೇ ನೆನಪಾಯಿತು. ಮಂಗಳೂರಿಗೆ ಹೊರಡುವ ಗಡಿಬಿಡಿಯಲ್ಲಿ, ಅವರನ್ನು ಸ್ವಲ್ಪ ಉಬ್ಬಿಸಲಿಕ್ಕೆಂದು ನಾನೇ ಆಡಿದ ಮಾತು.

ಭಾವ ಹಿತ್ತಿಲಲ್ಲಿ ಗೂಡು ತೊಳೆಯುತ್ತಿದ್ದರು. ಎದುರು ಹೋಗಿ ನಿಂತೆ. ಕ್ಷಮೆ ಕೇಳಲು ಹೋದವನ ಬಾಯಿಂದ ಬಂದದ್ದು ಮತ್ತೆ ಸಿಟ್ಟೇ.

"ಆವತ್ತೇ ಹೇಳಬಾರದಿತ್ತಾ ಭಾವ, ನೀನೇ ಹೇಳಿದ್ದು ಅಂತ?"

ಅವರು ಪೊರಕೆ ನಿಲ್ಲಿಸಲಿಲ್ಲ. "ಹೇಳಿದ್ರೆ ಮರಿ ಬರ್ತಿತ್ತಾ? ನಿನ್ನ ಹಲ್ಲಿಯೂ ಹೋಗಿತ್ತು. ಬೈಲಿಕ್ಕಾದ್ರೂ ಒಬ್ಬ ಬೇಕಲ್ಲ ಮಾರಾಯ, ನಿನಗೆ."

ಊಟ ಮಾಡಿಯೇ ಹೋಗು ಎಂದರು, ಪಕ್ಕದಲ್ಲೇ ಕೂತು ಉಂಡೆ. ಸಿಟ್ಟು ಹೋಗಿದೆ ಎಂದು ಸುಳ್ಳು ಹೇಳಲಾರೆ, ಈಗಲೂ ಇದೆ. ಇಷ್ಟು ದಿನ ಅದನ್ನು ಭಾವ ಹೊತ್ತುಕೊಂಡಿದ್ದರು, ಇನ್ನು ನಾನೇ ಹೊರಬೇಕು.