ಹನ್ನೊಂದು ನಿಮಿಷದ ನಡಿಗೆ

ಅವರ ಎಡಗಾಲಿನ ಚಪ್ಪಲಿ ಹಪ್ಪಳದಷ್ಟು ತೆಳ್ಳಗೆ ಸವೆದಿರುತ್ತಿತ್ತು, ಬಲಗಾಲಿನದು ನಿನ್ನೆ ಅಂಗಡಿಯಿಂದ ತಂದ ಹಾಗಿರುತ್ತಿತ್ತು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಆ ಎಡಗಾಲಿನ ಶಕ್ತಿ ತೆಗೆದುಕೊಂಡು ಹೋಗಿತ್ತಂತೆ. ಎಳೆದುಕೊಂಡೇ ನಡೆಯುತ್ತಿದ್ದರು. ಸರ್... ಟಪ್, ಸರ್... ಟಪ್. ಚನ್ನಗಿರಿ ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವಳು ನಾನು. ತಲೆ ಎತ್ತದೆಯೇ ಗೊತ್ತಾಗುತ್ತಿತ್ತು, ಕಂಟ್ರೋಲರ್ ಅಣ್ಣ ಬಂದರು ಅಂತ.

ಯಾರಾದರೂ ಜಗಳೂರಿಗೆ ಬಸ್ಸು ಕೇಳಿದರೆ, "ಹೇಳ್ತೀನಿ. ಆದ್ರೆ ಅಲ್ಲಿ ಒಂದೇ ಕಾಲಿನ ಚಪ್ಪಲಿ ಮಾರೋ ಅಂಗಡಿ ಐತೇನು ನೋಡ್ಕೊಂಡು ಬರ್ರಿ" ಎನ್ನುತ್ತಿದ್ದರು.

ನಾನು ಮೂರನೇ ಕ್ಲಾಸು ಓದಿದವಳು. ಇದನ್ನು ನಾನೇ ಬರೆದಿದ್ದೇನೆ, ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ತಿದ್ದುವಾಗ ತನ್ನನ್ನು ಹೊಗಳಿದ ಸಾಲುಗಳನ್ನೆಲ್ಲ ಹೊಡೆದು ಹಾಕಿದಳು. ನಾನು ಮತ್ತೆ ಬರೆದೆ. ನನ್ನ ಸಂತೋಷ ನನ್ನದು.

ಅಣ್ಣನ ಹತ್ತಿರ ಎರಡು ನೋಟ್‌ಬುಕ್ ಇದ್ದವು. ಕೆಂಪು ರಟ್ಟಿನದರಲ್ಲಿ ಸರ್ಕಾರಿ ಬಸ್ಸು, ನೀಲಿ ರಟ್ಟಿನದರಲ್ಲಿ ಖಾಸಗಿ ಬಸ್ಸು. ಎರಡನ್ನೂ ಪಕ್ಕಪಕ್ಕ ಇಟ್ಟು, ಇದರ ಮೇಲೊಂದು ಬೆರಳು, ಅದರ ಮೇಲೊಂದು ಬೆರಳು, ಎರಡನ್ನೂ ಒಟ್ಟಿಗೆ ಕೆಳಗಿಳಿಸುತ್ತಾ ಹೋಗುವರು. ಬೆರಳು ನಿಂತಲ್ಲಿ ದಾರಿ ಸಿಕ್ಕಿತು ಅಂತ ಅರ್ಥ. ಒಮ್ಮೆ ಮೇಲಿನ ಸಾಹೇಬರೊಬ್ಬರು ಬಂದು ಗದರಿಸಿದರು. "ನಮ್ಮ ಕಿಟಕೀಲಿ ಕೂತು ಅವರ ಬಸ್ಸು ಹೇಳ್ತೀಯೇನಯ್ಯಾ?"

ಅಣ್ಣ ಎದ್ದು ನಿಂತು, "ಸಾರ್, ಜನ ಬಂದು ಊರು ಕೇಳ್ತಾರೆ. ಬಸ್ಸು ಯಾರದು ಅಂತ ಯಾರೂ ಕೇಳಲ್ಲ" ಎಂದರು. ಸಾಹೇಬರು ನನ್ನ ಹತ್ತಿರ ಒಂದು ಮೊಳ ಮಲ್ಲಿಗೆ ತಗೊಂಡು ಹೋದರು.

ನನ್ನ ಮಗಳ ಕಥೆ ಹೇಳದಿದ್ದರೆ ಅಣ್ಣನ ಕಥೆ ಪೂರ್ತಿಯಾಗುವುದಿಲ್ಲ. ಅವಳನ್ನು ನ್ಯಾಮತಿಗೆ ಕೊಟ್ಟಿದ್ದೆವು. ಬಾಣಂತನಕ್ಕೆ ಬಂದು ನನ್ನ ಹತ್ತಿರವೇ ಇದ್ದಳು. ಜಗಳೂರಿನ ಒಂದು ಶಾಲೆಯಿಂದ ಟೀಚರ್ ಕೆಲಸಕ್ಕೆ ಕಾಗದ ಬಂತು. ಸಂದರ್ಶನ ಮಧ್ಯಾಹ್ನ ಮೂರಕ್ಕೆ. ಅತ್ತೆ ಮನೆಯವರು ಮೊದಲೇ ಹೇಳಿದ್ದರು, "ಇದೊಂದು ಸಲ. ಸಿಗಲಿಲ್ಲ ಅಂದ್ರೆ ಇನ್ನು ಓಡಾಡಿದ್ದು ಸಾಕು, ಮನೇಲಿರು." ಅವಳು ಓದಿದ್ದೆಲ್ಲ ಆ ಒಂದು ದಿನದ ಮೇಲೆ ನಿಂತಿತ್ತು. ಅವತ್ತೇ ಕೂಸಿಗೆ ಮೈ ಬಿಸಿ. ಅದು ಇಳಿಯುವಷ್ಟರಲ್ಲಿ ನೇರ ಬಸ್ಸು ಹೋಗಿಬಿಟ್ಟಿತ್ತು. ಎದೆಹಾಲು ಕುಡಿಯುವ ಕೂಸು, ಬಿಟ್ಟು ಹೋಗುವಂತಿಲ್ಲ. ಸೊಂಟಕ್ಕೆ ಎತ್ತಿಕೊಂಡು ಕಿಟಕಿಯ ಮುಂದೆ ನಿಂತು ಅಳುತ್ತಿದ್ದಳು.

"ಅಳಾಕೆ ಟೈಮಿಲ್ಲ ಮಗಳೇ, ತಡಿ" ಎಂದು ಅಣ್ಣ ಎರಡು ಬೆರಳು ಇಳಿಸಿದರು. ಈಗ ಹೊರಡುವ ಕೆಂಪು ಬಸ್ಸು ದಾವಣಗೆರೆ ಮುಟ್ಟುವುದು ಹನ್ನೆರಡು ಇಪ್ಪತ್ತಕ್ಕೆ. ಜಗಳೂರಿನ ಖಾಸಗಿ ಬಸ್ಸು ಅಲ್ಲಿಂದ ಹೊರಡುವುದು ಹನ್ನೆರಡು ಮೂವತ್ತೈದಕ್ಕೆ. ಆದರೆ ದಾವಣಗೆರೆಯಲ್ಲಿ ಕೆಂಪು ಬಸ್ಸಿನ ನಿಲ್ದಾಣ ಬೇರೆ, ಖಾಸಗಿ ಬಸ್ಸಿನದು ಬೇರೆ. ಮಧ್ಯೆ ನಡೆಯಬೇಕು.

ಆಗ ಅವರು ಮೂರನೆಯದೊಂದು ಪುಸ್ತಕ ತೆಗೆದರು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ತಿರುವಿ ಹಾಕಿ ಹೊಲಿದದ್ದು. ಅದರಲ್ಲಿ ಬಸ್ಸೇ ಇರಲಿಲ್ಲ, ಬರೀ ನಡಿಗೆ! ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಯಾವ ಊರಲ್ಲಿ ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ನಿಮಿಷ ಅಂತ, ರಜೆಯ ದಿನ ಹೋಗಿ, ಆ ಕಾಲೆಳೆದುಕೊಂಡು ತಾವೇ ನಡೆದು ಬರೆದಿದ್ದರು.

"ಹುಡುಗರಿಗೆ ಏಳು. ನನ್ನ ಕಾಲಿಗೆ ಹದಿನಾಲ್ಕು. ಕೂಸು ಎತ್ಕೊಂಡೋರದು ನನ್ನತ್ರ ಇಲ್ಲ" ಎಂದು ತಲೆ ಕೆರೆದುಕೊಂಡರು. ಆಮೇಲೆ ನಕ್ಕರು. "ಎಷ್ಟೇ ಆದ್ರೂ ನೀನು ಈ ಕುಂಟನಿಗಿಂತ ನಿಧಾನ ಆಗಾಕಿಲ್ಲ. ಹದಿನಾಲ್ಕರೊಳಗೆ ಮುಟ್ಟೇ ಮುಟ್ತೀಯ. ಬಸ್ಸು ಹತ್ತು!"

ಅವಳು ಹತ್ತಿದಳು. ಮುಟ್ಟಿದಳು. ಕೆಲಸವೂ ಸಿಕ್ಕಿತು. ಇವತ್ತಿಗೂ ಜಗಳೂರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ಸಂದರ್ಶನದ ಮರುದಿನ ಅವಳು ಸಿಹಿ ಕೊಡಲು ಹೋದರೆ ಅಣ್ಣ ಪೇಡ ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿದ್ದು ಒಂದೇ ಮಾತು.

"ನಡಿಯಾಕೆ ಎಷ್ಟು ಹಿಡೀತು?"

"ಹನ್ನೊಂದು ನಿಮಿಷ ಮಾವ. ಗಡಿಯಾರ ನೋಡ್ಕೊಂಡೇ ನಡೆದೆ."

ಅವರು ಕ್ಯಾಲೆಂಡರ್ ಹಾಳೆಯಲ್ಲಿ ಬರೆದುಕೊಂಡರು: ತಾಯಿ, ಕೂಸು, ಹನ್ನೊಂದು. ಆಮೇಲೆ ಪೇಡ ತಿಂದರು.

ಅಣ್ಣ ನಿವೃತ್ತರಾಗಿ ತಮ್ಮ ಊರು ತ್ಯಾವಣಿಗೆಗೆ ಹೋದರು. ನಾನೂ ಬುಟ್ಟಿ ಕೆಳಗಿಟ್ಟೆ. ಮೊಮ್ಮಗಳು ದಾವಣಗೆರೆಯಲ್ಲಿ ಕಂಪ್ಯೂಟರ್ ಓದಿನ ಕೊನೆಯ ವರ್ಷಕ್ಕೆ ಬಂದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಕಡೆಯ ಬಸ್ಸುಗಳನ್ನು ಫೋನಿನಲ್ಲಿ ಹುಡುಕುವಂಥದ್ದನ್ನು ಮಾಡಿ ಮೇಷ್ಟ್ರುಗಳಿಗೆ ತೋರಿಸಬೇಕಿತ್ತು. ತೋರಿಸಲು ಇನ್ನು ಒಂದೇ ವಾರ ಇದೆ ಅನ್ನುವಾಗ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಎರಡು ಬೇರೆ ಬೇರೆ ಇಂಡೆಕ್ಸ್ ಐತೆ ಅಜ್ಜಿ. ಪುಸ್ತಕದ ಕೊನೇಲಿ ಯಾವ ಮಾತು ಯಾವ ಪುಟದಲ್ಲಿ ಅಂತ ಪಟ್ಟಿ ಇರುತ್ತಲ್ಲ, ಹಂಗೆ. ಸರ್ಕಾರಿ ಬಸ್ಸಿಂದೊಂದು, ಖಾಸಗೀದೊಂದು. ಕೇಳಿದ್ರೆ ಎರಡೂ ತಮ್ಮ ತಮ್ಮ ಉತ್ತರ ಕೊಡ್ತವೆ. ಒಂದಕ್ಕೊಂದು ಸೇರಿಸಾಕೆ ಆಗ್ತಿಲ್ಲ. ಊರ ಹೆಸರು ಹಿಡಿದು ಸೇರಿಸಿದೆ. ಹನ್ನೆರಡು ಇಪ್ಪತ್ತಕ್ಕೆ ಈ ನಿಲ್ದಾಣದಲ್ಲಿ ಇಳಿದು, ಹನ್ನೆರಡು ಇಪ್ಪತ್ತೆರಡಕ್ಕೆ ಆ ನಿಲ್ದಾಣದಲ್ಲಿ ಹತ್ತು ಅಂತ ತೋರಿಸ್ತು! ಎಲ್ಲರೂ ನಗ್ತಾರೆ, ಹಾರ್ಕೊಂಡು ಹೋಗಬೇಕೇನೇ ಅಂತ."

ನನಗೆ ಮೈ ಜುಮ್ಮೆಂದಿತು. "ಏಳೇ, ಚಪ್ಪಲಿ ಮೆಟ್ಕೋ. ತ್ಯಾವಣಿಗೆಗೆ ಹೋಗಾನ" ಎಂದೆ.

ಅಣ್ಣನಿಗೆ ಉಬ್ಬಸ ಹೆಚ್ಚಾಗಿತ್ತು. ದಿಂಬಿಗೆ ಒರಗಿ ಕೂತೇ ಎಲ್ಲ ಕೇಳಿದರು. ಕೇಳಿ, "ಎರಡು ಪಟ್ಟಿ ಸರಿಯಾಗೇ ಐತಲ್ಲ ತಾಯಿ. ಮಧ್ಯೆ ನಡಿಯೋ ಮನುಷ್ಯನ್ನೇ ಬಿಟ್ಟಿದ್ದೀಯಲ್ಲ!" ಎಂದರು. ಸೊಸೆಯನ್ನು ಕೂಗಿ ಪೆಟ್ಟಿಗೆಯಿಂದ ಕ್ಯಾಲೆಂಡರ್ ಪುಸ್ತಕ ತರಿಸಿದರು.

ಮೊಮ್ಮಗಳು ಅಲ್ಲೇ ನೆಲದ ಮೇಲೆ ಕೂತು ಅದನ್ನು ಮೂರನೆಯ ಇಂಡೆಕ್ಸ್ ಮಾಡಿದಳು. ಈ ನಿಲ್ದಾಣ, ಆ ನಿಲ್ದಾಣ, ನಡೆಯುವವರು ಯಾರು, ಎಷ್ಟು ನಿಮಿಷ. ಬೆರಳು ಓಡುತ್ತಾ ಓಡುತ್ತಾ ಒಂದು ಕಡೆ ನಿಂತಿತು. "ಅಜ್ಜಾ, ಇಲ್ಲಿ 'ತಾಯಿ, ಕೂಸು' ಅಂತ ಒಂದೇ ಒಂದು ಸಲ ಐತೆ. ಇದನ್ನ ನಂಬಬಹುದಾ?"

ಅಣ್ಣ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

"ಕಣ್ಮುಚ್ಕೊಂಡು ನಂಬು" ಎಂದರು ಅಣ್ಣ. "ಆ ಕೂಸು ನೀನೇ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ತನ್ನನ್ನು ಹೊತ್ತು ನಡೆದ ಹನ್ನೊಂದು ನಿಮಿಷದಿಂದ ಊರಿಗೆ ಊರು ಸೇರಿಸುವ ಮೊಮ್ಮಗಳು ಯಾರಿಗಿದ್ದಾಳೆ ಹೇಳಿ!

ಚನ್ನಗಿರಿಯಿಂದ ಜಗಳೂರಿಗೆ ಅಂತ ಫೋನಿನಲ್ಲಿ ಒತ್ತಿದಳು. ಈ ಸಲ ಹಾರಿಸಲಿಲ್ಲ. ಇಳಿಸಿತು, ನಡೆಸಿತು, ಹತ್ತಿಸಿತು. ಅಣ್ಣ ಗಾಳಿಯಲ್ಲೇ ಎರಡು ಬೆರಳು ಇಳಿಸಿ ತಾಳೆ ನೋಡಿದರು. "ಸರಿ ಐತೆ. ಆದ್ರೆ ನೀರು ಕುಡಿಯಾಕೆ ಎರಡು ನಿಮಿಷ ಸೇರಿಸು. ಯಂತ್ರಕ್ಕೆ ಬಾಯಾರಿಕೆ ಆಗಾಕಿಲ್ಲ, ಜನಕ್ಕಾಗುತ್ತೆ."

ಸೇರಿಸಿದಳು. ಮೇಷ್ಟ್ರುಗಳು ಮೆಚ್ಚಿ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಈಗ ನಮ್ಮ ಕಡೆಯವರು ಅದನ್ನು ನೋಡಿಯೇ ಓಡಾಡುತ್ತಾರೆ. ನ್ಯಾಮತಿಯ ನನ್ನ ಬೀಗಿತ್ತಿಯೂ ನೋಡುತ್ತಾಳೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಎರಡು ತಿಂಗಳ ಹಿಂದೆ ಅಣ್ಣ ಹೋಗಿಬಿಟ್ಟರು. ಸುದ್ದಿ ಮುಟ್ಟಿದಾಗ ಮಗಳು ಜಗಳೂರಿನ ಶಾಲೆಯಲ್ಲಿದ್ದಳು. ತ್ಯಾವಣಿಗೆಯಲ್ಲಿ ಮಣ್ಣು ಸಂಜೆ ಐದಕ್ಕೆ. ಅವಳು ತನ್ನ ಮಗಳು ಫೋನಿನಲ್ಲಿ ಮಾಡಿದ್ದನ್ನೇ ತೆರೆದು ನೋಡಿದಳು. ಅದೇ ದಾವಣಗೆರೆ, ಅದೇ ದಾರಿ, ಈಗ ಹಿಂದುಮುಂದಾಗಿ: ಖಾಸಗಿ ಬಸ್ಸಿನಿಂದ ಇಳಿದು ಕೆಂಪು ಬಸ್ಸಿಗೆ. ಈಗ ಅವಳ ಸೊಂಟದ ಮೇಲೆ ಕೂಸಿಲ್ಲ, ಮಂಡಿನೋವಿದೆ. ಆದರೂ ನಡೆಯುವವರು ಯಾರು ಎಂದು ಫೋನು ಕೇಳಿದಾಗ 'ತಾಯಿ, ಕೂಸು' ಎಂದೇ ಒತ್ತಿದಳಂತೆ.

ಐದಕ್ಕೆ ಇನ್ನೂ ಸಮಯವಿರುವಾಗಲೇ ಬಂದಳು. ನಾನು, ಮಗಳು, ಮೊಮ್ಮಗಳು, ಮೂವರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅವರ ಮನೆಯ ಬಾಗಿಲಲ್ಲಿ ಆ ಜೋಡಿ ಚಪ್ಪಲಿ ಹಾಗೇ ಇತ್ತು, ಒಂದು ಹಪ್ಪಳ, ಒಂದು ಹೊಸದು.

"ನಡಿಯಾಕೆ ಎಷ್ಟು ಹಿಡೀತೇ?" ಎಂದು ಕೇಳಿದೆ. ಅವರು ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರು.

"ಹನ್ನೊಂದು" ಎಂದಳು ಮಗಳು. "ನೀರು ಕುಡಿದಿದ್ದು ಸೇರಿ ಹದಿಮೂರು."