ಭಾನುವಾರದ ಕೂಲಿ

ಕ್ರಿಕೆಟ್ಟಿನಲ್ಲಿ ನನಗೆ ಚೆನ್ನಾಗಿ ಅರ್ಥವಾಗುವುದು ಊಟದ ವಿರಾಮ ಒಂದೇ. ಅಂಥವಳು ತಮಿಳುನಾಡಿನ ಗಡಿಯೂರು ಕೆಲಮಂಗಲದ ಒಂದು ಟೆನ್ನಿಸ್ ಬಾಲ್ ತಂಡದಲ್ಲಿ ಮುಂದಿನ ವರ್ಷ ಯಾರು ಆಡಬೇಕು, ಯಾರಿಗೆಷ್ಟು ಕೊಡಬೇಕು ಎಂದು ತೀರ್ಮಾನಿಸುವವಳಾಗಿದ್ದೇನೆ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮಾಲೂರಿನಲ್ಲಿರುವ ನಮ್ಮಕ್ಕ ಫೋನಿನಲ್ಲಿ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ.

ನಾನು ಹೊಸೂರಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೇನೆ. ಯಾರು ಯಾವ ಶಿಫ್ಟು, ಯಾರು ರಜ, ಯಾರಿಗೆ ಎಷ್ಟು ಓಟಿ ಅಂತ ಬರೆದು ಬೋರ್ಡಿಗೆ ಅಂಟಿಸುವ ಕೆಲಸ. ನಮ್ಮ ಯಜಮಾನರಿಗೆ ಕೆಲಮಂಗಲದಲ್ಲೇ ಮೋಟಾರು ವೈಂಡಿಂಗ್ ಅಂಗಡಿ. ಅದು ಹೊಟ್ಟೆಪಾಡು. ಅವರ ನಿಜವಾದ ಕಸುಬು ಎಂದರೆ ಈ ತಂಡ. ಹದಿನೆಂಟು ವರ್ಷದ ಹಿಂದೆ ಅವರೇ ಕಟ್ಟಿದ್ದು, ಅವರೇ ಕ್ಯಾಪ್ಟನ್, ಅವರೇ ವಿಕೆಟ್ ಕೀಪರ್. ಮೊನ್ನೆ ಮೊನ್ನೆಯವರೆಗೆ ಪಟ್ಟಿ ಮಾಡುವವರೂ ಅವರೇ. ಆದರೆ ಪಾಪ, ಅವರಿಗೆ 'ಇಲ್ಲ' ಎಂಬ ಪದ ಬಾಯಿಗೇ ಬರುವುದಿಲ್ಲ. ಕೇಳಿದವರಿಗೆಲ್ಲ 'ಬಾರಪ್ಪ, ಆಡು' ಅಂದುಬಿಡುತ್ತಿದ್ದರು. ಕಳೆದ ಸಲ ಮೊದಲ ಪಂದ್ಯದ ಬೆಳಿಗ್ಗೆ ಹನ್ನೊಂದು ಜಾಗಕ್ಕೆ ಇಪ್ಪತ್ತಮೂರು ಜನ ಪ್ಯಾಂಟು ಇಸ್ತ್ರಿ ಮಾಡಿಕೊಂಡು ನಿಂತಿದ್ದರು. ಆ ಗಲಾಟೆಯ ವರ್ಷದ ಆಟವೆಲ್ಲ ಮುಗಿದ ಮೇಲೆ ಹುಡುಗರೆಲ್ಲ ನಮ್ಮ ಮನೆಗೇ ಬಂದು ನನ್ನ ಮುಂದೆ ನೋಟುಬುಕ್ಕು ಇಟ್ಟರು.

"ಅಕ್ಕಾ, ಮುನ್ನೂರ್ ಜನುಕ್ಕೆ ಶಿಫ್ಟ್ ಹಾಕ್ತೀರಾ. ಎಕ್ಸ್ಟ್ರಾ ಸೇರಿ ನಮ್ ಹದ್ನಾಲ್ಕ್ ಜನ ಯಾವ ಲೆಕ್ಕ? ಅಣ್ಣನ್ ಕೈಲಿ ಆಗಾಕಿಲ್ಲ ಬುಡಿ" ಎಂದರು. ಅಣ್ಣ ಪಕ್ಕದಲ್ಲೇ ಕೂತು ಕಡಲೆಕಾಯಿ ಬಿಡಿಸುತ್ತಾ ಹೌದು ಹೌದು ಎಂದು ತಲೆಯಾಡಿಸಿದರು.

ಇದೇನು ಮಹಾ ಕೆಲಸ ಎಂದುಕೊಂಡೆ. ಒಮ್ಮೆ ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಅವರಿಗೆ ಬೇಸ್‌ಬಾಲ್ ಹುಚ್ಚು. ಅವರ ದೇಶದಲ್ಲಿ ಒಂದೊಂದು ತಂಡಕ್ಕೂ ದೊಡ್ಡ ಆಫೀಸೇ ಇರುತ್ತದಂತೆ. ಚಳಿಗಾಲವಿಡೀ ಕೋಟು ಹಾಕಿಕೊಂಡು ಕೂತು, ಮುಂದಿನ ವರ್ಷ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರ ಸಂಬಳ ಎಷ್ಟು ಎಂದು ಲೆಕ್ಕ ಹಾಕುವುದೇ ಅವರ ಉದ್ಯೋಗವಂತೆ. ನಮ್ಮಲ್ಲಿ ರಾಗಿ ಕೊಯ್ಲು ಮುಗಿದು ಹೊಲ ಬಯಲಾದರೆ, ಕೆರೆ ಅಂಗಳ ಒಣಗಿದರೆ, ಆಟದ ಕಾಲ ಶುರು. ಆದ್ದರಿಂದ ಅದಕ್ಕೂ ಮುಂಚೆ ನಾನೂ ಕಾರ್ತಿಕ ಮಾಸದಲ್ಲಿ ಸ್ವೆಟರ್ ಹಾಕಿಕೊಂಡು, ಅವರೆಕಾಯಿ ಸುಲಿಯುತ್ತಾ ಆ ಆಫೀಸು ತೆರೆದೆ.

ತೆರೆದ ಮೇಲೆ ಗೊತ್ತಾಯಿತು, ನಮ್ಮ ತಂಡದ ಸಂಬಳದ ಪದ್ಧತಿಯೇ ಬೇರೆ. ಇಲ್ಲಿ ಆಟಕ್ಕೆ ಕೂಲಿಯಲ್ಲ, ಕಳೆದುಕೊಂಡ ಭಾನುವಾರಕ್ಕೆ ಕೂಲಿ. ಹುಡುಗರಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯವರು. ಭಾನುವಾರ ಆಡಲು ಬಂದರೆ ಅವತ್ತಿನ ಓಟಿ, ಅಂದರೆ ಎರಡರಷ್ಟು ಸಂಬಳ, ಹೋಯಿತು. ಅದನ್ನು ತಂಡ ತುಂಬಿಕೊಡಬೇಕು. ಕೇಳಲು ಎಷ್ಟು ನ್ಯಾಯವಾಗಿದೆ! ನನ್ನಂಥ ಟೈಮ್ ಆಫೀಸಿನವಳಿಗೆ ಬಹಳ ಹಿಡಿಸಿತು. ಗೆರೆ ಹಾಕಿ ಬರೆದು ನೋಡಿದರೆ, ಎಲ್ಲರಿಗಿಂತ ದೊಡ್ಡ ಸಂಬಳ ನಮ್ಮ ಲೋಕಿಯದು.

ಲೋಕಿ ಓಪನರ್. ಓಪನ್ ಮಾಡುತ್ತಾನೆ, ಅಷ್ಟೇ. ಎರಡನೇ ಓವರಿಗೆ ಮರದ ನೆರಳಿನಲ್ಲಿ ಕೂತು ಕಲ್ಲಂಗಡಿ ತಿನ್ನುತ್ತಿರುತ್ತಾನೆ. ಆದರೆ ಅವನಿರುವುದು ದೊಡ್ಡ ಕಾರ್ಖಾನೆ, ಅಲ್ಲಿ ಓಟಿ ಜಾಸ್ತಿ. ಸಾಲದ್ದಕ್ಕೆ, ತಂಡಕ್ಕೆ ಜರ್ಸಿ ಹೊಲಿಸಿ ವರ್ಷದ ಖರ್ಚು ಕೊಡುವ ಸಿಮೆಂಟಂಗಡಿ ವೆಂಕಟೇಶಣ್ಣನ ಬಾಮೈದ. ಅವನನ್ನು ಕೈಬಿಟ್ಟರೆ ಹದಿನಾಲ್ಕೂ ಜನ ಬನಿಯನ್ನಿನಲ್ಲಿ ಆಡಬೇಕು. ಅವನ ಹೆಸರನ್ನು ನಾನು ಕಣ್ಣು ಮುಚ್ಚಿಕೊಂಡು ಬರೆದೆ.

ಇನ್ನೊಂದು ತುದಿಯಲ್ಲಿ ಮುನಿರಾಜು. ಎಡಗೈ ಬೌಲರು. ಗೆದ್ದ ಪಂದ್ಯಗಳಲ್ಲಿ ಅರ್ಧ ಅವನೇ ಗೆಲ್ಲಿಸಿದ್ದು. ಅವನ ಹೆಸರಿನ ಮುಂದೆ ಹಳೆಯ ಪುಸ್ತಕಗಳಲ್ಲೆಲ್ಲ ಸೊನ್ನೆ! ಯಾಕೆಂದರೆ ಅವನು ಗುಮ್ಮಳಾಪುರದ ಕಡೆ ಗುಲಾಬಿ ಬೆಳೆಯುವವನು, ತೋಟಕ್ಕೆ ಹಾಜರಿ ಪುಸ್ತಕವಿಲ್ಲ. ಕರೆಸಿ ಕೇಳಿದೆ.

"ನಮ್ ತೋಟುಕ್ಕೇನ್ ಪಂಚಿಂಗ್ ಮಿಶಿನ್ನಾ ಅಕ್ಕಾ? ನಂಗೇನ್ ದುಡ್ಡು ಬ್ಯಾಡ ಬುಡಿ" ಎಂದ.

"ಭಾನುವಾರ ಹೂವು ಯಾರಪ್ಪ ಕೀಳೋದು? ಗಿಡ ರಜ ಕೊಡ್ತದಾ?"

"ಅಮ್ಮನೂ ತಂಗೀನೂ ಕಿತ್ತಾಕ್ತಾರೆ."

"ಹಂಗಾದ್ರೆ ದುಡ್ಡು ಅವರಿಗೆ. ನಿಂಗೆ ಕೊಡೋರು ಯಾರು?" ಎಂದೆ. ಅವನು ಕಿವಿ ಕೆರೆದುಕೊಂಡು, ಆಡುವುದು ತಾನು, ಸಂಬಳ ಅಮ್ಮನಿಗೆ ಎಂಬ ಕಾನೂನನ್ನು ಮೂರು ಸಲ ಹೇಳಿಸಿಕೊಂಡು ಹೋದ. ನನಗೆ ಒಳಗೊಳಗೇ ಹೆಮ್ಮೆ. ಜಪಾನಿನವರಿಗೂ ಇದು ಹೊಳೆದಿರಲಾರದು.

ಇಷ್ಟಾದರೂ ಪಟ್ಟಿ ಮುಗಿಯಲಿಲ್ಲ. ಹೆಸರು ಬರೆಯುವುದಕ್ಕಿಂತ ಹೆಸರು ಬಿಡುವುದು ಕಷ್ಟ. ಮದುವೆ ಕಾರ್ಡು ಅಚ್ಚು ಹಾಕಿಸಿದವರನ್ನು ಕೇಳಿ ನೋಡಿ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋದರೆ ಸಾಕು, ಆ ದಂಪತಿಯ ಮಕ್ಕಳು ಮದುವೆಯ ವಯಸ್ಸಿಗೆ ಬಂದರೂ ಆ ಚಿಕ್ಕಪ್ಪ ಮಾತಾಡಿರುವುದಿಲ್ಲ. ಅದಕ್ಕೇ ನಮ್ಮ ಕಡೆ ಕಾರ್ಡು ತೆರೆದರೆ ಹುಡುಗ ಹುಡುಗಿ ಯಾರೆಂದು ಹುಡುಕಬೇಕು, ಅಷ್ಟು ಹೆಸರು. ನನಗೆ ಬಿಡಬೇಕಾಗಿದ್ದದ್ದು ಚಿಕ್ಕಪ್ಪನ ಹೆಸರಲ್ಲ, ಕಟ್ಟಿಕೊಂಡ ಗಂಡನದು.

ಇವರಿಗೆ ನಲವತ್ತಮೂರು. ಟೆನ್ನಿಸ್ ಚೆಂಡಿಗೆ ಎಲ್ಲ ಕೀಪರುಗಳೂ ಬರಿಗೈಲಿ ನಿಂತರೆ ಇವರು ಮಾತ್ರ ಗ್ಲೌಸು ಹಾಕಿಯೇ ನಿಲ್ಲುವುದು. ಸ್ಟಂಪಿನ ಹಿಂದೆ ಕೂರುವುದೇನೋ ಕೂರುತ್ತಾರೆ. ಏಳುವಾಗ ಮಂಡಿ ಹಿಡಿದುಕೊಂಡು "ಅಪ್ಪಾ ಮುನೇಶ್ವರಾ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಚೆಂಡು ಕಾಲ ಸಂದಿಯಲ್ಲಿ ನುಸುಳಿ ಕೆರೆ ಏರಿ ಸೇರಿರುತ್ತದೆ. ಕಳೆದ ವರ್ಷದ ಫೈನಲ್ಲನ್ನು ನಾವು ಸೋತದ್ದು ಅಂಥ ನಾಲ್ಕು ರನ್ನಿನಿಂದಲೇ. ಹುಡುಗರು ಒಬ್ಬರೂ ಸೊಲ್ಲೆತ್ತಲಿಲ್ಲ. ಪಟ್ಟಿ ನನ್ನ ಕೈಗೆ ಯಾಕೆ ಬಂತೆಂದು ನನಗೆ ಆಗ ಹೊಳೆಯಿತು. ಹೆಂಡತಿಯ ಕೈಯಲ್ಲಿ ಗಂಡನನ್ನು ತೆಗೆಸುವ ಉಪಾಯ! ಎಂಥ ಕಿಲಾಡಿಗಳು ನೋಡಿ.

ಕೃಷ್ಣಗಿರಿ ಕಡೆಯ ಸೆಲ್ವಂ ಎಂಬ ಹುಡುಗ ಕೀಪಿಂಗಿಗೆ ಸಿಗುತ್ತಾನೆ ಎಂದು ಗೊತ್ತಾಗಿತ್ತು. ಫೋನು ಮಾಡಿದರೆ, "ಪೆಟ್ರೋಲು, ಸಾಪಾಡು ಕುಡುತ್ತಾ ಪೋದುಂಗ ಅಕ್ಕಾ" ಎಂದ. ಪೆಟ್ರೋಲು, ಊಟ ಸಾಕಂತೆ. ಇಷ್ಟು ಅಗ್ಗದ ಕೀಪರನ್ನು ಬಿಟ್ಟರೆ ನಾನೆಂಥ ಟೈಮ್ ಆಫೀಸು? ಮೂರು ಸಲ ಪಟ್ಟಿ ಬರೆದೆ. ಮೂರು ಸಲವೂ ಇವರ ಹೆಸರನ್ನು ಬಿಟ್ಟು ಬರೆದೆ, ಮೂರು ಸಲವೂ ಹರಿದು ಹಾಕಿದೆ. ಹದಿನೆಂಟು ವರ್ಷದಿಂದ ಶನಿವಾರ ಸಂಜೆಯಾದರೆ ಆ ಮನುಷ್ಯನ ಮುಖ ಬೆಳಗುವುದನ್ನು ನೋಡಿದ್ದೇನೆ. ಆ ಮುಖಕ್ಕೆ ನಾನು ಹೇಗೆ ಹೇಳಲಿ?

ಕೊನೆಗೆ ಕಾರ್ಖಾನೆಯ ಉಪಾಯವನ್ನೇ ಹೂಡಿದೆ. ಯಾರಿಗಾದರೂ ಇಷ್ಟವಾಗದ ಶಿಫ್ಟು ಹಾಕಿದ ದಿನ ನಾವು ಪಟ್ಟಿಯನ್ನು ಬೋರ್ಡಿಗೆ ಅಂಟಿಸಿ ಕ್ಯಾಂಟೀನಿಗೆ ಓಡಿಹೋಗುತ್ತೇವೆ. ಹಾಗೇ ನಾಲ್ಕನೇ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬೇಕಾಗಿಲ್ಲದಿದ್ದರೂ ಕೊತ್ತಂಬರಿ ಸೊಪ್ಪು ತರಲು ಹೋದೆ. ವಾಪಸು ಬಂದಾಗ ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಎಣಿಸುತ್ತಿದ್ದರು.

"ಹದ್ನಾಲ್ಕೂ ಕರೆಕ್ಟಾಗೈತೆ" ಎಂದರು. ಬೆರಳನ್ನು ಕೊನೆಯ ಹೆಸರಿನ ಮೇಲಿಟ್ಟು, "ಸೆಲ್ವಂ ಒಳ್ಳೆ ಹುಡ್ಗ. ಕೈ ಚೆಂದಾಗೈತೆ."

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ.

"ಎಲ್ರ ಭಾನ್ವಾರುಕ್ಕೂ ದುಡ್ ಬರ್ದಿದ್ದೀಯ. ಮುನಿರಾಜನ ಅಮ್ಮುಂಗೂ ಬರ್ದಿದ್ದೀಯ. ಹದ್ನೆಂಟ್ ವರ್ಷ ನಿನ್ ಭಾನ್ವಾರ ನಾನ್ ತಿಂದಾಕ್ದೆನಲ್ಲ ಕಣಮ್ಮಿ, ಅದುಕ್ಕೇನ್ ಬರ್ದೆ?"

ನಾನು ಬಿಡಿಸಿಟ್ಟ ಸೊಪ್ಪನ್ನೇ ಮತ್ತೆ ಬಿಡಿಸತೊಡಗಿದೆ.

"ಆಯ್ತು ಬುಡು. ಇನ್ಮ್ಯಾಕೆ ಭಾನ್ವಾರ ಪೂರ್ತಿ ನಿಂದೇ" ಎಂದು ಗ್ಲೌಸು ತೊಳೆದು ತಾರಸಿಯ ಮೇಲೆ ಒಣಹಾಕಲು ಹೋದರು. ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಕ್ರಾಂತಿ ಕಳೆದು ಮೊದಲ ಪಂದ್ಯದ ಭಾನುವಾರ ಬಂತು. ಮಾತಿಗೆ ತಪ್ಪದ ಮನುಷ್ಯ ಮನೆಯಲ್ಲೇ ಉಳಿದರು. ಆರು ಗಂಟೆಗೆ ಅಡಿಗೆಮನೆಯಲ್ಲಿ ನನ್ನ ಬೆನ್ನ ಹಿಂದೆ ಬಂದು ನಿಂತರು, ಥೇಟ್ ಸ್ಟಂಪಿನ ಹಿಂದೆ ನಿಲ್ಲುವಂತೆ. ಒಗ್ಗರಣೆಗೆ ಸಾಸಿವೆ ಜಾಸ್ತಿಯಾಯಿತು ಎಂದರು. ಮಸಾಲೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು; ಧನಿಯ ಎಲ್ಲಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಪಕ್ಕದಲ್ಲೇ ಕೂತು, ನಾವು ಯಾರನ್ನು ಆಡಿಕೊಳ್ಳುತ್ತಿದ್ದೆವೋ ಅವರ ಪರ ವಹಿಸಿದರು. ಮಧ್ಯಾಹ್ನದ ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಇವರು ಆಟಕ್ಕೆ ಹೋದ ಭಾನುವಾರಗಳಲ್ಲಿ ನನಗೆ ಎಣ್ಣೆ ಸ್ನಾನ, ತಣ್ಣಗೆ ಕೂತು ಎರಡು ದೋಸೆ, ಅಕ್ಕನ ಜೊತೆ ಒಂದೂವರೆ ಗಂಟೆ ಹರಟೆ, ಆಮೇಲೆ ನಿದ್ದೆ. ನನ್ನ ಭಾನುವಾರವನ್ನು ಇವರು ಕಿತ್ತುಕೊಂಡರೆಂದು ಹದಿನೆಂಟು ವರ್ಷ ಗೊಣಗಿದ್ದೆನಲ್ಲ, ಮಹಾನುಭಾವರು ಅದನ್ನು ನನಗೇ ಕೊಟ್ಟು ಹೋಗುತ್ತಿದ್ದರು.

ಮೂರು ಗಂಟೆಗೆ ಕೆರೆ ಅಂಗಳದಿಂದ ಮೈಕಿನ ಸದ್ದು ಕೇಳತೊಡಗಿತು. ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿದ ಕಾಮೆಂಟರಿ. ಇವರು ಟ್ಯಾಂಕಿನಲ್ಲಿ ನೀರಿದೆಯಾ ನೋಡಿ ಬರುತ್ತೇನೆಂದು ತಾರಸಿ ಹತ್ತಿದರು. ಇಳಿದು ಬಂದು ಮತ್ತೆ ಹತ್ತಿದರು. ಹೀಗೆ ಆರು ಸಲ. ಟ್ಯಾಂಕು ತುಂಬಿ ಚೆಲ್ಲಿ ಅಂಗಳಕ್ಕೆಲ್ಲ ಹರಿಯುತ್ತಿತ್ತು.

ಸೋಮವಾರ ಮುನಿರಾಜು ಜೋಲು ಮುಖ ಹಾಕಿಕೊಂಡು ಬಂದ. "ಸೋತೋದೋ ಅಕ್ಕಾ. ಸೆಲ್ವಂ ಒಂದ್ ಬಾಲೂ ಬುಡಲಿಲ್ಲ. ಆದ್ರೆ ಮೂರ್ ರನ್ನೌಟು ಮಿಸ್ಸು. ಹಿಂದ್ಗಡೆಯಿಂದ ಬಯ್ಯೋರು ಯಾರೂ ಇಲ್ವಲ್ಲ, ಯಾವನೂ ಯಾವನ್ ಮಾತೂ ಕೇಳಾಕಿಲ್ಲ."

ಅವತ್ತೇ ಪಟ್ಟಿಯ ಕೆಳಗೆ ಹದಿನೈದನೇ ಗೆರೆ ಎಳೆದು 'ಕೋಚ್' ಎಂದು ಬರೆದು ಇವರ ಹೆಸರು ಹಾಕಿದೆ. ಮುಂದೆ ಸಂಬಳವನ್ನೂ ಬರೆದೆ. ಸಂಬಳವಿಲ್ಲದಿದ್ದರೆ ಕರುಣೆ ಅಂದುಕೊಂಡಾರು, ಸಂಬಳವಿದ್ದರೆ ಹುದ್ದೆ. ವೆಂಕಟೇಶಣ್ಣನ ದುಡ್ಡು ಅಷ್ಟರಲ್ಲಿ ಪೂರ್ತಿ ಹಂಚಿಹೋಗಿತ್ತು. ತಿಂಗಳಿಗೊಂದು ಭಾನುವಾರ ನಾನೇ ಓಟಿ ಮಾಡಿ ಆ ಗೆರೆಯನ್ನು ತುಂಬುವುದೆಂದು ನಿಶ್ಚಯಿಸಿದೆ. ಗಂಡನನ್ನು ಮನೆಯಿಂದ ಹೊರಗೆ ಕಳಿಸಲು ನಾನೂ ಮನೆ ಬಿಡಬೇಕಾಯಿತು ನೋಡಿ. ಇದನ್ನು ಯಾರಿಗೂ ಹೇಳಿಲ್ಲ, ಅಕ್ಕನಿಗೂ.

ಪಟ್ಟಿ ನೋಡಿ ಇವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಹದ್ನೆಂಟ್ ವರ್ಷ ಬಿದ್ದೆದ್ದು ಆಡ್ದೆ, ಒಂದ್ ಟೀಗೂ ದುಡ್ ಹುಟ್ಲಿಲ್ಲ. ಕಿತ್ತಾಕಿದ್ ಮ್ಯಾಲೆ ಸಂಬ್ಳ ಬತ್ತೈತಲ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಮುಂದಿನ ಭಾನುವಾರ ಬೆಳಿಗ್ಗೆ ಐದು ಗಂಟೆಗೇ ಎದ್ದು ಹೋದವರು, ಮೂರು ಭಾಷೆಯಲ್ಲೂ ಬೈದು ಬೈದು ಗಂಟಲು ಕಟ್ಟಿಸಿಕೊಂಡು, ಪಂದ್ಯ ಗೆದ್ದು ಬಂದರು.

ಮೊದಲ ಸಂಬಳ ಕೈಗೆ ಬಂದ ಭಾನುವಾರ ನಾನು ಕಾರ್ಖಾನೆಯಿಂದ ಕಾಲೆಳೆದುಕೊಂಡು ಮನೆಗೆ ಬಂದೆ. ತಟ್ಟೆ ಹಾಕಿಟ್ಟು, ಬಿರಿಯಾನಿ ಪೊಟ್ಟಣ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು.

"ತಿನ್ನು, ನನ್ ಸಂಬ್ಳದ್ದು" ಎಂದು ಬಡಿಸಿದರು. ಆಮೇಲೆ ನನ್ನ ಮುಖ ನೋಡಿ ಮೆತ್ತಗೆ ಹೇಳಿದರು. "ಭಾನ್ವಾರನೂ ಯಾಕ್ ದುಡ್ಕಂಡ್ ಸಾಯ್ತೀಯ ಕಣಮ್ಮಿ? ಇನ್ಮ್ಯಾಕೆ ನಾನ್ ಅಂಗ್ಡಿ ಜೊತ್ಗೆ ಇದ್ನೂ ಸಂಪಾದಿಸ್ತೀನಲ್ಲ, ಆ ಓಟಿ ಬುಟ್ಬುಡು."

"ಆಗಲಿ ರೀ, ಯೋಚನೆ ಮಾಡ್ತೀನಿ" ಎಂದು, ನನ್ನ ತಟ್ಟೆಯಲ್ಲಿದ್ದ ಕಾಲಿನ ತುಂಡನ್ನು ಎತ್ತಿ ಅವರ ತಟ್ಟೆಗೆ ಹಾಕಿದೆ.